ಓಟ ಬಿಟ್ಟ ನಾಯಿಗೆ ಪೆನ್ಷನ್ ಯಾರು ಕೊಡ್ತಾರೆ?

ಮೆಲ್ಬರ್ನ್‌ನ ನಮ್ಮ ಬೀದಿಯ ಕನ್ನಡದ ಮನೆಯೊಂದಕ್ಕೆ ಹೋದ ವಾರ ರೇಸಿನ ಗ್ರೇಹೌಂಡ್ ನಾಯಿ ಬಂತು. ನೋಡಲು ಬಂದ ಪಕ್ಕದ ಮನೆ ಹುಡುಗಿ, "ಆಂಟಿ, ಇದು ರಿಟೈರ್ ಆಗಿದೆ ಅಂದ್ರಲ್ಲ, ಪೆನ್ಷನ್ ಯಾರು ಕೊಡ್ತಾರೆ?" ಎಂದು ಕೇಳಿದಳು. ದೊಡ್ಡವರೆಲ್ಲ ನಕ್ಕರು. ಆದರೆ ಕೇಳಬೇಕಾದ ಪ್ರಶ್ನೆಯೇ ಅದು.

ಈ ನಾಯಿಗಳು ಒಂದೂವರೆ ವರ್ಷದ ಹೊತ್ತಿಗೆ ಓಟಕ್ಕಿಳಿಯುತ್ತವೆ. ನಾಲ್ಕೈದು ವರ್ಷಕ್ಕೆ, ಕಾಲು ಮುರಿದರೆ ಅದಕ್ಕೂ ಮೊದಲೇ, ಓಟ ಮುಗಿಯುತ್ತದೆ. ಬದುಕುವುದು ಹನ್ನೆರಡರ ಆಸುಪಾಸು. ಉಳಿದ ವರ್ಷಗಳ ಹೊಣೆ ಯಾರದು? 2016ರ ಜುಲೈನಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರ ಈ ರೇಸನ್ನೇ ನಿಷೇಧಿಸುತ್ತೇವೆಂದು ಹೇಳಿ, ಅಕ್ಟೋಬರ್‌ನಲ್ಲಿ ಹಿಂದೆ ಸರಿಯಿತು. ಕ್ಯಾನ್‌ಬೆರಾದವರು 2018ರಲ್ಲಿ ನಿಲ್ಲಿಸಿಯೇಬಿಟ್ಟರು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ರೇಸ್ ನಡೆಸುವ ಸಂಸ್ಥೆಯೇ ದತ್ತು ಯೋಜನೆಯನ್ನೂ ನಡೆಸುತ್ತದೆ. ಅದರಾಚೆಗೂ ಉಳಿಯುವ ನಾಯಿಗಳನ್ನು ಸ್ವಯಂಸೇವಕರ ಗುಂಪುಗಳು ತಮ್ಮ ಮನೆಗಳಲ್ಲಿಟ್ಟು ಸಾಕಿ, ಬೆಕ್ಕಿನ ಜೊತೆ, ಪುಟ್ಟ ನಾಯಿಗಳ ಜೊತೆ ಹೇಗಿರುತ್ತವೆಂದು ನೋಡಿ, ಹೊಂದುವ ಮನೆ ಹುಡುಕುತ್ತವೆ. ಪೆನ್ಷನ್ ಬಹುಪಾಲು ಇವರ ಜೇಬಿನಿಂದಲೇ.

ತರುವವರು ತಿಳಿದಿರಬೇಕಾದ ಮೊದಲ ಸಂಗತಿ: ಈ ನಾಯಿಗೆ ಮನೆ ಅಂದರೇನೆಂದೇ ಗೊತ್ತಿರುವುದಿಲ್ಲ. ಗಾಜಿನ ಬಾಗಿಲಿಗೆ ನೇರ ಹೋಗಿ ಡಿಕ್ಕಿ ಹೊಡೆಯುತ್ತದೆ. ಅದರ ಕಣ್ಣಿನ ಎತ್ತರಕ್ಕೆ ಬಣ್ಣದ ಟೇಪ್ ಅಂಟಿಸಿ. ನುಣುಪು ನೆಲದಲ್ಲಿ ಕಾಲು ಜಾರಿ ಹೆದರುತ್ತದೆ, ಓಡಾಡುವ ದಾರಿಗೆ ಮ್ಯಾಟ್ ಹಾಸಿ. ಮೆಟ್ಟಿಲನ್ನಂತೂ ಒಂದೊಂದೇ ಪಾದ ಹಿಡಿದಿಟ್ಟು ಕಲಿಸಬೇಕು. ಒಬ್ಬರು ಮುಂದೆ, ಇನ್ನೊಬ್ಬರು ಹಿಂದೆ. ನಿದ್ದೆಯಿಂದ ಎದ್ದಾಗ, ಊಟವಾದ ಮೇಲೆ, ನಡುವೆ ಎರಡು ಗಂಟೆಗೊಮ್ಮೆ ಹಿತ್ತಲಿಗೆ ಕರೆದೊಯ್ದರೆ ಒಳಗೆ ಗಲೀಜು ಮಾಡದಿರುವುದನ್ನು ಬೇಗ ಕಲಿಯುತ್ತದೆ.

ಮಲಗಿದ್ದಾಗ ಮುಟ್ಟಬಾರದು. ಮಕ್ಕಳಿರುವ ಮನೆಗೆ ಇದೇ ದೊಡ್ಡ ನಿಯಮ. ರೇಸ್ ನಾಯಿಗಳನ್ನಿಡುವ ಕೆನೆಲ್‌ನಲ್ಲಿ ತನ್ನ ಗೂಡಿನೊಳಗೆ ಒಂಟಿಯಾಗಿ ಮಲಗಿ ಅಭ್ಯಾಸವಾದ ನಾಯಿ, ನಿದ್ದೆಯಲ್ಲಿ ಯಾರಾದರೂ ತಬ್ಬಿದರೆ ಬೆಚ್ಚಿಬಿದ್ದು ಗುರ್ ಎನ್ನುತ್ತದೆ, ಕೆಲವೊಮ್ಮೆ ಬಾಯಿಯೂ ಹಾಕುತ್ತದೆ. ಕಣ್ಣು ತೆರೆದೇ ನಿದ್ರಿಸುವುದೂ ಉಂಟು. ಮೊದಲು ಹೆಸರು ಹಿಡಿದು ಕರೆಯಿರಿ, ತಲೆ ಎತ್ತಿದ ಮೇಲೆ ಹತ್ತಿರ ಹೋಗಿ.

ಕುತ್ತಿಗೆ ತಲೆಗಿಂತ ದಪ್ಪ, ಹಾಗಾಗಿ ಮಾಮೂಲಿ ಪಟ್ಟಿಯಿಂದ ಹಿಂದಕ್ಕೆ ಸರಿದು ಸುಲಭವಾಗಿ ಕಳಚಿಕೊಳ್ಳುತ್ತದೆ. ಎಳೆದಾಗ ಬಿಗಿಯುವ ಅಗಲ ಮಾರ್ಟಿಂಗೇಲ್ ಪಟ್ಟಿಯನ್ನೇ ಕಿವಿಯ ಹಿಂದೆಯೇ ಮೇಲಕ್ಕೆ ಹಾಕಬೇಕು. ವಿಕ್ಟೋರಿಯಾದಲ್ಲಿ 2019ರ ಜನವರಿಯಿಂದ ಸಾಕಿದ ಗ್ರೇಹೌಂಡಿಗೆ ಬಾಯಿಕುಕ್ಕೆ ಕಡ್ಡಾಯವಲ್ಲ, ಆದರೆ ಹೊರಗೆ ಹಗ್ಗ ಬಿಡುವಂತಿಲ್ಲ. ಅದು ಸರಿಯಾದ ಕಾನೂನು. ದೂರದಲ್ಲಿ ಮೊಲವೊಂದು ಅಲುಗಿದರೆ ಗಂಟೆಗೆ ಅರವತ್ತು ಕಿಲೋಮೀಟರಿಗೂ ಮಿಕ್ಕಿ ಓಡುವ ಪ್ರಾಣಿ ನಿಮ್ಮ ಕೂಗು ಕೇಳಿ ನಿಲ್ಲುವುದಿಲ್ಲ.

ಹಲವು ನಾಯಿಗಳ ಕಿವಿಯೊಳಗೆ ಗುರುತಿನ ಹಚ್ಚೆ ಇರುತ್ತದೆ, ಹಸಿರು ಶಾಯಿಯ ಅಕ್ಷರಗಳು. ಚರ್ಮ ಎಷ್ಟು ತೆಳುವೆಂದರೆ ಗುಲಾಬಿ ಮುಳ್ಳು ತಾಗಿದರೂ ಉದ್ದಕ್ಕೆ ಹರಿಯುತ್ತದೆ. ಕೊಬ್ಬಿಲ್ಲದ ಮೈ, ಚಳಿಗಾಲಕ್ಕೆ ಕೋಟು ಬೇಕು. ಹಲ್ಲು ಸಾಮಾನ್ಯವಾಗಿ ಹಾಳಾಗಿರುತ್ತದೆ, ಮೊದಲ ತಪಾಸಣೆಯಲ್ಲೇ ನೋಡಿಸಿ. ಇವುಗಳ ರಕ್ತದಲ್ಲಿ ಕೆಂಪು ಕಣ ಹೆಚ್ಚು, ಪ್ಲೇಟ್‌ಲೆಟ್ ಕಡಿಮೆ, ಥೈರಾಯ್ಡ್ ಅಂಕಿಯೂ ಕೆಳಗೆ. ಈ ತಳಿಗೆ ಅದು ಸಹಜ. ಗೊತ್ತಿಲ್ಲದ ವೈದ್ಯರು ಇಲ್ಲದ ರೋಗಕ್ಕೆ ಮಾತ್ರೆ ಬರೆದುಬಿಡಬಹುದು. ಥಯೋಪೆಂಟಲ್‌ನಂಥ ಅರಿವಳಿಕೆಯಿಂದ ಬೇಗ ಚೇತರಿಸಿಕೊಳ್ಳುವುದಿಲ್ಲವೆಂಬುದನ್ನೂ ಮೊದಲೇ ನೆನಪಿಸಿ.

ನಮ್ಮ ಅಡುಗೆಮನೆಗಳಿಗೆಂದೇ ಒಂದು ಮಾತು. ಇದರ ಮೂತಿ ಕಟ್ಟೆಯ ಮೇಲಕ್ಕೆ ಸಲೀಸಾಗಿ ತಲುಪುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಪಾಯಸಕ್ಕೆ ಹಾಕುವ ಒಣದ್ರಾಕ್ಷಿ ನಾಯಿಗೆ ವಿಷ. ಊರಿಂದ ಬಂದ ಅತ್ತೆ-ಮಾವನಿಗೂ ಇದನ್ನು ಹೇಳಿಟ್ಟಿರಿ, ಪ್ರೀತಿಯಿಂದ ಉಣಿಸುವವರು ಅವರೇ.

ಒಂಟಿತನದಿಂದಲೇ ಎಷ್ಟೋ ನಾಯಿಗಳು ಮರಳಿ ಹೋಗುತ್ತವೆ. ಸುತ್ತ ಸದಾ ನಾಯಿಗಳಿದ್ದ ಕೆನೆಲ್‌ನಿಂದ ಬಂದದ್ದು ಒಮ್ಮೆಲೇ ಎಂಟು ಗಂಟೆ ಬಿಟ್ಟುಹೋದರೆ ಬಾಗಿಲು ಕೆರೆಯುತ್ತದೆ, ಊಳಿಡುತ್ತದೆ. ರಜೆ ಹಾಕಿ ಎರಡು ವಾರ ಜೊತೆಗಿದ್ದು ಸೋಮವಾರ ಆಫೀಸಿಗೆ ಹೊರಡುವವರ ಮನೆಯಲ್ಲೇ ಇದು ಹೆಚ್ಚು. ಮೊದಲ ದಿನದಿಂದಲೇ ಒಂದು ನಿಮಿಷ, ಐದು, ಹದಿನೈದು ಅಂತ ಹೊರಗೆ ಹೋಗಿ ಬನ್ನಿ. ಡಿಸೆಂಬರಿನಲ್ಲಿ ಐದಾರು ವಾರ ಊರಿಗೆ ಹೋಗುವ ನಾವು, ಆಗ ನಾಯಿ ಯಾರ ಮನೆಯಲ್ಲಿರುತ್ತದೆ ಎಂಬುದನ್ನು ತರುವ ಮೊದಲೇ ನಿಶ್ಚಯಿಸಬೇಕು.

ಬಾಗಲಕೋಟೆ ಕಡೆಯವರು ಇದನ್ನು ನೋಡಿದ ಕೂಡಲೇ ಮುಧೋಳ ನಾಯಿ ನೆನೆಯುತ್ತಾರೆ: ಅದೇ ಉದ್ದ ಮೂತಿ, ಅದೇ ಒಳಸೇರಿದ ಹೊಟ್ಟೆ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ತಳಿ, ನಮ್ಮ ಹೆಮ್ಮೆ. ಆದರೆ ಬೆಂಗಳೂರಿನ ಮೂರನೇ ಮಹಡಿಗೆ ಅದರ ಮರಿ ಕೊಳ್ಳುವವರಿಗೆ ಯಾರೂ ಏನೂ ಕೇಳುವುದಿಲ್ಲ; ಬಯಲು ಇದೆಯೇ, ಹಗಲು ಮನೆಯಲ್ಲಿ ಯಾರಿರುತ್ತಾರೆ, ದುಡ್ಡು ಕೊಟ್ಟರೆ ಯಾವುದೂ ಬೇಕಿಲ್ಲ. ಇಲ್ಲಿ ರಿಟೈರಾದ ನಾಯಿ ಬೇಕೆಂದರೂ ಬೇಲಿ ಎಷ್ಟು ಎತ್ತರವಿದೆ, ಕೆಳಗೆ ಸಂದು ಇದೆಯೇ, ಬಾಡಿಗೆ ಮನೆಯಾದರೆ ಮಾಲೀಕರು ಒಪ್ಪಿದ್ದಾರೆಯೇ ಎಂದು ವಿಚಾರಿಸಿಯೇ ಕೊಡುತ್ತಾರೆ.