ಮನಸ್ಸಿಗೊಂದು ಪಾಟೀಸವಾಲು

ಪ್ರಥಮ ಪಿಯುಸಿಯಲ್ಲಿ ನಮಗೆ ಭೌತಶಾಸ್ತ್ರ ಕಲಿಸಿದ ಗುರುಗಳು ತೀರಿಕೊಂಡ ಸುದ್ದಿ ಬಂದಾಗ ನನಗೆ ನೆನಪಾದದ್ದು ಅವರು ಕಲಿಸಿದ ಸೂತ್ರಗಳಲ್ಲ, ಮಾತುಮಾತಿಗೂ ಅವರು ಕೇಳುತ್ತಿದ್ದ “ಸಾಕ್ಷಿ ಎಲ್ಲಿ?” ಎಂಬ ಪ್ರಶ್ನೆ.

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ವಿಜ್ಞಾನ ವಿಭಾಗ ಸೇರಿದೊಡನೆ ಇಂಗ್ಲಿಷ್ ಪಠ್ಯದೆದುರು ಕುಳಿತ ನಮ್ಮಂಥ ಹಳ್ಳಿಯ ಹುಡುಗರನ್ನು ಬೇರೆ ಯಾರೂ ಹೀಗಳೆಯಬೇಕಾಗಿರಲಿಲ್ಲ. “ಇದು ನನ್ನ ಕೈಲಾಗುವುದಲ್ಲ” ಎಂದು ನಮಗೆ ನಾವೇ ದಿನವೂ ಹೇಳಿಕೊಳ್ಳುತ್ತಿದ್ದೆವು. ಕರಿಹಲಗೆಯ ಬಳಿ ಕರೆದು ಲೆಕ್ಕ ಬಿಡಿಸಲು ಹೇಳುತ್ತಾರೆಂಬ ಅಂಜಿಕೆಯಿಂದ ಒಮ್ಮೆ ಹಿಂದಿನ ಬೆಂಚಿನವರೆಲ್ಲ ಸೇರಿ ಸೀಮೆಸುಣ್ಣವನ್ನೂ ಡಸ್ಟರನ್ನೂ ಕಿಟಕಿಯಾಚೆಯ ಲಂಟಾನ ಪೊದೆಗೆ ಎಸೆದೆವು. ಗುರುಗಳು ಗದರಲಿಲ್ಲ. ಮೇಜಿಗೊರಗಿ ನಿಂತು, “ಬಾವಿಗೆ ಬಿಟ್ಟ ಕಲ್ಲು 2 ಸೆಕೆಂಡಿನಲ್ಲಿ ನೀರು ಮುಟ್ಟಿತು, ನೀರು ಎಷ್ಟು ಆಳದಲ್ಲಿದೆ?” ಎಂದು ಕನ್ನಡದಲ್ಲೇ ಕೇಳಿದರು. ಬಾಯಿಲೆಕ್ಕದಲ್ಲಿ ನಾನು ಚುರುಕಾಗಿದ್ದೆ. “19.6 ಮೀಟರ್” ಎಂದು ಎಲ್ಲರಿಗಿಂತ ಮೊದಲು ಹೇಳಿದ ಹೆಮ್ಮೆ ಇಂದಿಗೂ ನನ್ನಲ್ಲಿದೆ.

“ನಿನಗೆ ಭೌತಶಾಸ್ತ್ರ ಬರುವುದಿಲ್ಲವೆಂದು ಯಾರಪ್ಪ ಹೇಳಿದ್ದು?”

“ನಾನೇ ಅಂದುಕೊಂಡಿದ್ದೆ, ಸರ್.”

“ಹಾಗಾದರೆ ಆ ಸಾಕ್ಷಿಯನ್ನು ಪಾಟೀಸವಾಲಿಗೆ ನಿಲ್ಲಿಸು.”

ಮರುದಿನದಿಂದ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ನಡುವೆ ಗೆರೆ ಎಳೆಸಿ, ಎಡಕ್ಕೆ ಮನಸ್ಸು ಆಡಿದ ಮಾತನ್ನು, ಬಲಕ್ಕೆ ಅದರ ಪರವಾಗಿಯೂ ವಿರುದ್ಧವಾಗಿಯೂ ಇರುವ ಸಂಗತಿಗಳನ್ನು ಬರೆಸಿದರು. “ನಾನು ಜಾಣ” ಎಂದು ಬರೆದರೂ ಅವರು ಒಪ್ಪುತ್ತಿರಲಿಲ್ಲ. ಅದಕ್ಕೂ ಸಾಕ್ಷಿ ಬೇಕಿತ್ತು. ಕೊನೆಗೆ ನನ್ನ ಹಾಳೆಯಲ್ಲಿ ಉಳಿದದ್ದು “ಇಂಗ್ಲಿಷಿನಲ್ಲಿರುವ ಪ್ರಶ್ನೆ ಅರ್ಥವಾಗಲು ನನಗೆ ಹೊತ್ತು ಹಿಡಿಯುತ್ತದೆ, ಲೆಕ್ಕ ಬರುತ್ತದೆ” ಎಂಬ ವಾಕ್ಯ. ಹತಾಶೆಯಿದ್ದ ಜಾಗದಲ್ಲಿ ಮಾಡಬೇಕಾದ ಕೆಲಸವೊಂದು ಕಾಣಿಸಿತು.

ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಯ ರೋಗಿಗಳೊಡನೆ ಕೆಲಸ ಮಾಡುತ್ತ, ತಾವಾಗಿಯೇ ನುಗ್ಗಿ ಬರುವ ಇಂಥ ಯೋಚನೆಗಳನ್ನು ಗುರುತಿಸಿ ಪರೀಕ್ಷೆಗೊಡ್ಡುವ ಚಿಕಿತ್ಸೆಯನ್ನು ರೂಪಿಸಿದರೆಂದು ನಾನು ಓದಿದ್ದು ಎಷ್ಟೋ ವರ್ಷಗಳ ನಂತರ. ಗುರುಗಳು ಆ ಹೆಸರನ್ನು ಎತ್ತಿದ ನೆನಪಿಲ್ಲ. ಪ್ರಯೋಗಶಾಲೆಯ ಶಿಸ್ತನ್ನೇ ಅವರು ಮನಸ್ಸಿಗೂ ಅನ್ವಯಿಸಿದ್ದರೆಂದು ನನ್ನ ಊಹೆ.

ಇಂದಿನ ಮಕ್ಕಳಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ, ಮಾನಸಿಕ ಆರೋಗ್ಯಕ್ಕಾಗಿನ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಅದು ದೊಡ್ಡ ಅನುಕೂಲವೇ. ಆದರೆ ವಾರವಾರದ ಟೆಸ್ಟು, ರ‍್ಯಾಂಕ್ ಪಟ್ಟಿಗಳ ನಡುವೆ, ತಪ್ಪು ಉತ್ತರ ಕೊಟ್ಟ ಹುಡುಗಿ ತನ್ನ ಬಗ್ಗೆ ಒಳಗೊಳಗೇ ಏನು ಹೇಳಿಕೊಳ್ಳುತ್ತಿದ್ದಾಳೆಂದು ಕೇಳುವಷ್ಟು ಬಿಡುವನ್ನು ನಾವು ಅಧ್ಯಾಪಕರಿಗೆ ಉಳಿಸಿಲ್ಲ ಎಂಬುದು ನನ್ನ ಕೊರಗು. ಎಂಜಿನಿಯರಾಗಿ ನನ್ನ ಕೈಕೆಳಗೆ ಪಳಗಿದ ಕಿರಿಯರಿಂದಲೂ ನಾನು ಆ ಗೆರೆ ಎಳೆಸಿದ್ದೇನೆ. ಅವರಲ್ಲಿ ಕೆಲವರು ಇಂದು ದೊಡ್ಡ ಕಾಮಗಾರಿಗಳ ಹೊಣೆ ಹೊತ್ತಿದ್ದಾರೆ. ಕನ್ನಡ ಮಾಧ್ಯಮದಿಂದ ಬರುವ ಪ್ರಥಮ ಪಿಯುಸಿ ವಿದ್ಯಾರ್ಥಿಗಳಿಗಾಗಿ ಕಾಲೇಜು ವಾರಕ್ಕೊಂದು ತಾಸು ತೆಗೆದಿಟ್ಟರೆ, ಬಂದು ಅವರೊಡನೆ ಕೂರಲು ನಾನು ಸಿದ್ಧನಿದ್ದೇನೆ.