ತಂಬೂರಿ ಪ್ಯಾಚ್: ಯಾರ ಕೈಗೆ ಕೊಟ್ಟರೂ ನುಡಿಯಬೇಕು

12 ಜುಲೈ 2025, ಶನಿವಾರ

ಪ್ಯೂರ್ ಡೇಟಾದಲ್ಲಿ (ಪೆಟ್ಟಿಗೆಗಳನ್ನು ಗೆರೆಗಳಿಂದ ಜೋಡಿಸಿ ಸದ್ದು ಹುಟ್ಟಿಸುವ ತಂತ್ರಾಂಶ) ಕಟ್ಟಿದ ತಂಬೂರಿ ಪ್ಯಾಚ್, ಅಂದರೆ ತಂಬೂರಿಯಂತೆ ನುಡಿಯುವ ಪ್ರೋಗ್ರಾಂ, ಸಂಗೀತದ ಮೇಷ್ಟ್ರ ಲ್ಯಾಪ್‌ಟಾಪಿಗೆ ಹೋಗಬೇಕು. ಅವರಿಗೆ ಬೇಕಾದ್ದು ಎರಡೇ: ಶ್ರುತಿ ಆರಿಸಬೇಕು, ಸದ್ದು ಏರಿಳಿಸಬೇಕು. ಬಳಸುವ ಬಗೆಯನ್ನು ಚೀಟಿಯಲ್ಲಿ ಬರೆದು ಕೊಡುವುದಕ್ಕಿಂತ, ತಪ್ಪು ಒತ್ತಲು ಜಾಗವೇ ಇಲ್ಲದಂತೆ ಮಾಡುವುದು ವಾಸಿ.

ಮೊದಲು ತೆಗೆಯಬೇಕಾದ್ದು ಶ್ರುತಿಗೆಂದು ಸಂಖ್ಯೆ ಬರೆಯುವ ನಂಬರ್ ಬಾಕ್ಸ್. ಅದರಲ್ಲಿ 9999 ಅಂತ ಟೈಪ್ ಮಾಡಿದರೂ ಒಪ್ಪಿಕೊಳ್ಳುತ್ತದೆ. ಬದಲಿಗೆ 12 ಮನೆಗಳ ರೇಡಿಯೋ ಬಟನ್ ಇಟ್ಟು, ಪಕ್ಕದಲ್ಲಿ 1, 1½, 2 ಎಂದು 7ರವರೆಗೆ ಬರೆದರೆ ಹಾಡುವವರಿಗೆ ತಾನೇ ಗೊತ್ತಾಗುತ್ತದೆ. ರೇಡಿಯೋ ಕೊಡುವುದು 0ಯಿಂದ 11. ಅದಕ್ಕೆ 48 ಕೂಡಿಸಿದರೆ ಕೀಬೋರ್ಡಿನ ಸ್ವರಸಂಖ್ಯೆ (ಮಿಡಿ ನಂಬರ್), ಅದನ್ನು ಆವರ್ತನಕ್ಕೆ ಪರಿವರ್ತಿಸಿದರೆ 5½ ಮನೆಗೆ ಷಡ್ಜ 207.65 ಹರ್ಟ್ಜ್. ಪಂಚಮವನ್ನು ಮಾತ್ರ ಕೀಬೋರ್ಡಿನ ಸ್ವರಸಂಖ್ಯೆಯಿಂದ ತೆಗೆಯಬೇಡಿ, ಷಡ್ಜವನ್ನು 0.75ರಿಂದ ಗುಣಿಸಿ. ಹಾಗೆ ಮಾಡಿದರೆ 155.74 ಬರುತ್ತದೆ, ಕೀಬೋರ್ಡಿನ ಲೆಕ್ಕದಲ್ಲಿ 155.56. ವ್ಯತ್ಯಾಸ ಚಿಕ್ಕದೇ, ಆದರೆ ಪಂಚಮದ ನಾಲ್ಕನೇ ಅನುಸ್ವರವೂ (ಹಾರ್ಮೋನಿಕ್) ಷಡ್ಜದ ಮೂರನೆಯದೂ ಒಂದಕ್ಕೊಂದು ತಾಗಿ, ಒಂದೂವರೆ ಸೆಕೆಂಡಿಗೊಮ್ಮೆ ಶ್ರುತಿ ಅಲುಗುತ್ತದೆ. ಪಳಗಿದ ಕಿವಿ ಅದನ್ನು ತಕ್ಷಣ ಹಿಡಿಯುತ್ತದೆ.

ಇನ್ನು ಸದ್ದು. ಪರರ ಕಿವಿಯ ಜವಾಬ್ದಾರಿ ನಮ್ಮದು, ಇಲ್ಲಿ ಜಿಪುಣತನ ಬೇಡ. ತಂತಿಯ ಸದ್ದು ಡಿಲೇಯಲ್ಲಿ (ಸದ್ದನ್ನು ಚೂರು ತಡಮಾಡಿ ಹಿಂದಿರುಗಿಸುವ ಪೆಟ್ಟಿಗೆ) ಸುತ್ತುತ್ತದೆ, ಪ್ರತಿ ಸುತ್ತಿನಲ್ಲೂ 1ಕ್ಕಿಂತ ಚೂರು ಕಡಿಮೆ ಸಂಖ್ಯೆಯಿಂದ ಗುಣಿಸಿಕೊಳ್ಳುತ್ತದೆ. ಅದು 1.001 ಆಗಿಬಿಟ್ಟರೆ ಸಾಕು: ಸೆಕೆಂಡಿಗೆ 207 ಸುತ್ತಿನಂತೆ ಬೆಳೆದು, ಅರ್ಧ ನಿಮಿಷದಲ್ಲಿ ಸದ್ದು ಸುಮಾರು 500 ಪಟ್ಟಾಗುತ್ತದೆ. ಆದ್ದರಿಂದ ಗುಣಕದ ಬಾಗಿಲಲ್ಲೇ ಕ್ಲಿಪ್ (ಮಿತಿ ಮೀರದಂತೆ ತಡೆಯುವ ಪೆಟ್ಟಿಗೆ) ಇಟ್ಟು 0.998 ದಾಟದಂತೆ ಕಟ್ಟಿಹಾಕಿ. ನಾಲ್ಕು ತಂತಿ ಕೂಡಿದ ಮೇಲೆ 0.25ರಿಂದ ಗುಣಿಸಿ. ಔಟ್‌ಪುಟ್ಟಿಗೆ ಹೋಗುವ ಮುನ್ನ ಮೈನಸ್ 1ರಿಂದ 1ರವರೆಗಿನ ಇನ್ನೊಂದು ಕ್ಲಿಪ್ ಇರಲಿ.

ಸದ್ದಿನ ಸ್ಲೈಡರನ್ನು 0ಯಿಂದ 1ಕ್ಕೆ ನೇರವಾಗಿ ಜೋಡಿಸಿದರೆ ಇಡೀ ಏರಿಳಿತ ಕೆಳಗಿನ ಮೂಲೆಯಲ್ಲೇ ಮುಗಿದುಹೋಗುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ 40ರಿಂದ 94ರವರೆಗೆ ಕೊಡಿ. ಪ್ಯೂರ್ ಡೇಟಾದಲ್ಲಿ 100 ಅಂದರೆ ಪೂರ್ತಿ, 94 ಅಂದರೆ ಹೆಚ್ಚುಕಡಿಮೆ ಅರ್ಧ. ಎಳೆಯುವಾಗ ಚರಚರ ಸದ್ದು ಬಂದರೆ, ಮೌಲ್ಯ 64 ಸ್ಯಾಂಪಲ್ಲಿಗೊಮ್ಮೆ ಜಿಗಿಯುತ್ತಿದೆ ಎಂದರ್ಥ. ನಡುವೆ 30 ಮಿಲಿಸೆಕೆಂಡಿನ ಲೈನ್~ (ಮೌಲ್ಯವನ್ನು ಮೆಲ್ಲಗೆ ಸರಿಸುವ ಪೆಟ್ಟಿಗೆ) ಹಾಕಿದರೆ ನಿಲ್ಲುತ್ತದೆ.

ಫೈಲ್ ತೆರೆದ ಕೂಡಲೇ ಶ್ರುತಿ ನುಡಿಯಬೇಕು. ಲೋಡ್‌ಬ್ಯಾಂಗಿಗೆ (ಫೈಲ್ ತೆರೆದಾಗ ತಾನೇ ಸಂದೇಶ ಕಳಿಸುವ ಪೆಟ್ಟಿಗೆ) ಟ್ರಿಗರ್ (ಸಂದೇಶಗಳನ್ನು ಸರದಿಯಲ್ಲಿ ಕಳಿಸುವ ಪೆಟ್ಟಿಗೆ) ಜೋಡಿಸಿ, ಮೊದಲು ಶ್ರುತಿ ಮತ್ತು ಸದ್ದಿನ ಆರಂಭದ ಮೌಲ್ಯ, ಆಮೇಲೆ ಡಿಎಸ್‌ಪಿ (ಸದ್ದಿನ ಲೆಕ್ಕಾಚಾರ) ಆನ್. ಟ್ರಿಗರ್ ಬಲದಿಂದ ಎಡಕ್ಕೆ ಹೋಗುತ್ತದೆ, ಮರೆಯಬೇಡಿ. ಮೈಕ್ ಬೇಕಿಲ್ಲವಾದ್ದರಿಂದ ಪ್ಯೂರ್ ಡೇಟಾ ತೆರೆಯುವ ಶಾರ್ಟ್‌ಕಟ್ಟಿನಲ್ಲಿ ಇನ್‌ಪುಟ್ ಬಂದ್ ಮಾಡಿ, ಆಡಿಯೋ ಬಫರ್ 100 ಮಿಲಿಸೆಕೆಂಡ್ ಕೊಡಿ. ತಂಬೂರಿಗೆ ಚುರುಕು ಬೇಡ, ಕಡಿಯದಿದ್ದರೆ ಸಾಕು. ಫೈಲನ್ನು ರೀಡ್-ಓನ್ಲಿ ಮಾಡಿ. ಅಕಸ್ಮಾತ್ ಕಂಟ್ರೋಲ್-ಇ ಒತ್ತಿ ತಿದ್ದುವ ಸ್ಥಿತಿಗೆ ಹೋಗಿ, ಜೋಡಿಸಿದ ಗೆರೆಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಮುಚ್ಚುವಾಗ 'ಸೇವ್' ಅಂತ ಒತ್ತಿದರೂ ಮೂಲ ಉಳಿಯುತ್ತದೆ.

ಜಿಪ್ ಫೈಲಿನಿಂದಲೂ ಪ್ಯಾಚ್ ಕೆಡುವುದುಂಟು. ವಿಂಡೋಸ್‌ನಲ್ಲಿ ಜಿಪ್ ಬಿಚ್ಚದೆ ಒಳಗಿನ ಪ್ಯಾಚ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದೊಂದೇ ತಾತ್ಕಾಲಿಕ ಫೋಲ್ಡರಿಗೆ ಬಂದು ತೆರೆದುಕೊಳ್ಳುತ್ತದೆ, ಪಕ್ಕದ ಫೈಲುಗಳು ಬರುವುದಿಲ್ಲ. ಕಾಣುವುದು ಚುಕ್ಕೆಗೆರೆಯ ಪೆಟ್ಟಿಗೆಗಳು, ಕೇಳುವುದು ಮೌನ. ಹಾಗಾಗಿ ತಂತಿಯ ಭಾಗವನ್ನು ಬೇರೆ ಫೈಲಾಗಿಡದೆ ಒಳಪ್ಯಾಚ್ (ಪ್ಯಾಚಿನೊಳಗಿನ ಪ್ಯಾಚ್) ಮಾಡಿ, ಒಂದೇ ಫೈಲಿನಲ್ಲಿ ಎಲ್ಲವನ್ನೂ ಕೊಡಿ. ಇದಕ್ಕೊಂದು ಬೆಲೆಯುಂಟು: ಒಳಪ್ಯಾಚಿನಲ್ಲಿ ಡಾಲರ್-ಸೊನ್ನೆ ($0, ಹೆಸರುಗಳು ಬೆರೆಯದಂತೆ ತೆರೆದ ಪ್ರತಿ ಫೈಲಿಗೂ ತಾನೇ ಸಿಗುವ ಸಂಖ್ಯೆ) ಬೇರೆಬೇರೆಯಾಗುವುದಿಲ್ಲ, ನಾಲ್ಕು ಡಿಲೇಗಳಿಗೂ ಕೈಯಾರೆ ಬೇರೆ ಹೆಸರಿಡಬೇಕು. ಮರೆತರೆ ನಾಲ್ಕೂ ತಂತಿ ಒಂದರೊಳಗೊಂದು ಬೆರೆತು ಗೊಂದಲ. ಹೊರಗಿನ ಲೈಬ್ರರಿಯ ಆಬ್ಜೆಕ್ಟ್ ಒಂದೂ ಬೇಡ.

ಕೊನೆಗೆ ಸದ್ದಿನ ಮಟ್ಟ ತೋರಿಸುವ ಮೀಟರ್ ಪಟ್ಟಿಯೊಂದು ಇರಲಿ. ಪಟ್ಟಿ ಕುಣಿಯುತ್ತಿದ್ದೂ ಸದ್ದಿಲ್ಲದಿದ್ದರೆ ಸ್ಪೀಕರ್, ವೈರ್, ಕಂಪ್ಯೂಟರಿನ ವಾಲ್ಯೂಮ್ ನೋಡಿ. ಪಟ್ಟಿಯೇ ಸತ್ತಿದ್ದರೆ ಪ್ಯಾಚ್ ಮುಚ್ಚಿ ತೆರೆಯಿರಿ. ಫೋನಿನಲ್ಲಿ ಕೇಳಿದಾಗ ಮೇಷ್ಟ್ರು ಇಷ್ಟು ಹೇಳಿದರೆ ಸಾಕು, ಸಮಸ್ಯೆ ಯಾವ ಕಡೆಯದೆಂದು ಗೊತ್ತಾಗುತ್ತದೆ.