ಹವ್ವಳ ಹೆಸರು ಹೇಳಿ ಬಾಯಿ ಮುಚ್ಚಿಸುವವರಿಗೆ

"ಮೋಸ ಹೋದವಳು ಹವ್ವ. ಅದಕ್ಕೇ ಬೋಧನೆ ವಿಷಯದಲ್ಲಿ ಹೆಂಗಸರು ಸುಮ್ಮನಿರಬೇಕು." ಹಾಸನದ ಮನೆ ಪ್ರಾರ್ಥನೆಗಳಲ್ಲಿ ಈ ಮಾತು ನನ್ನ ಕಿವಿಗೆ ಮತ್ತೆ ಮತ್ತೆ ಬೀಳುತ್ತಿದೆ. ಹವ್ವ ಅಂದರೆ ಬೈಬಲಿನ ಮೊದಲ ಹೆಂಗಸು, ಸರ್ಪದ ಮಾತಿಗೆ ಮೋಸ ಹೋಗಿ ದೇವರು ಬೇಡವೆಂದ ಹಣ್ಣು ತಿಂದವಳು. ಹೇಳುವವರು ಸತ್ಯವೇದದಲ್ಲಿ (ಬೈಬಲಿನಲ್ಲಿ) ಅಪೊಸ್ತಲ ಪೌಲ ತನ್ನ ಜೊತೆಗಾರ ತಿಮೊಥೆಯನಿಗೆ ಬರೆದ ಮೊದಲನೇ ಪತ್ರದ 2ನೇ ಅಧ್ಯಾಯ ತೆಗೆದು ಬೆರಳಿಟ್ಟು ತೋರಿಸುತ್ತಾರೆ. ವಚನ ಇದೆ, ಇಲ್ಲ ಅನ್ನಲ್ಲ. ಆದರೆ ಆ ಪತ್ರವನ್ನು ಮೊದಲನೇ ಅಧ್ಯಾಯದಿಂದ ಓದಿ ಅಂತ ನಮ್ಮ ಸ್ತ್ರೀ ಸಂಘದಲ್ಲಿ ಹೇಳುತ್ತಲೇ ಇದ್ದೇನೆ.

ಪೌಲನು ತಿಮೊಥೆಯನನ್ನು ಎಫೆಸ ಪಟ್ಟಣದಲ್ಲಿ ಇರಿಸಿದ್ದೇ ಸುಳ್ಳು ಬೋಧನೆ ತಡೆಯಲಿಕ್ಕೆ. ದಾರಿ ತಪ್ಪಿದವರ ಹೆಸರನ್ನೂ ಹೇಳುತ್ತಾನೆ: ಹುಮೆನಾಯ, ಅಲೆಕ್ಸಾಂದ್ರ, ಎರಡನೆಯ ಪತ್ರದಲ್ಲಿ ಫಿಲೇತ. ಮೂವರೂ ಗಂಡಸರು. ಅದೇ ಎಫೆಸದಲ್ಲಿ ಪ್ರಿಸ್ಕಿಲ್ಲ ತನ್ನ ಗಂಡ ಅಕ್ವಿಲನ ಜೊತೆ ಸೇರಿ, ಶಾಸ್ತ್ರದಲ್ಲಿ ಪಂಡಿತನಾಗಿದ್ದ ಅಪೊಲ್ಲೋಸನನ್ನು ಕರೆದು ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ತಿಳಿಸಿಕೊಟ್ಟಳು. ತಿಮೊಥೆಯನಿಗೆ ನಂಬಿಕೆ ಬಂದದ್ದಾದರೂ ಯಾರಿಂದ? ಅಜ್ಜಿ ಲೋವಿ, ತಾಯಿ ಯೂನಿಕೆ. ಇನ್ನು ಏದೆನ್ ತೋಟದಲ್ಲಿ ಹವ್ವ ಹಣ್ಣು ಕೊಟ್ಟಾಗ ಅವಳ ಗಂಡ ಆದಾಮ ಪಕ್ಕದಲ್ಲೇ ಇದ್ದ.

ಹೆಂಗಸರಿಂದ ಮೋಸವೇ ಆಗಲ್ಲ ಅಂತ ನಾನು ಹೇಳುತ್ತಿಲ್ಲ. ಥುವತೈರ ಪಟ್ಟಣದ ಸಭೆಯನ್ನು (ಅಲ್ಲಿನ ಕ್ರೈಸ್ತ ಚರ್ಚನ್ನು) ಕೆಡಿಸಿದವಳು ಪ್ರವಾದಿನಿ ಅನ್ನಿಸಿಕೊಂಡ ಹೆಂಗಸೇ, ಬೈಬಲಿನ ಪ್ರಕಟನೆ ಪುಸ್ತಕದ 2ನೇ ಅಧ್ಯಾಯದಲ್ಲಿದೆ. ಸೈತಾನನಿಗೆ ಗಂಡು ಹೆಣ್ಣು ಅನ್ನೋ ಭೇದ ಇಲ್ಲ.

ನಮ್ಮ ಚಿಕ್ಕಮ್ಮನ ಮನೆಯಲ್ಲಿ ನಡೆದದ್ದನ್ನು ಬರೆಯಲೇಬೇಕು. ಅವರ ಮಗನಿಗೆ ಕೆಲಸ ಸಿಕ್ಕಿರಲಿಲ್ಲ. ಊರೂರು ತಿರುಗುವ ಒಬ್ಬ ಬೋಧಕರು ಪ್ರಾರ್ಥನೆಗೆ ಬಂದು, ಕಣ್ಣು ಮುಚ್ಚಿಕೊಂಡೇ, "ಈ ಮನೇಲಿ ಶಾಪದ ಕಟ್ಟಿದೆ. ಅಮ್ಮ, ನಿಮ್ಮ ಕೈಲಿರೋ ಬಳೆ ಕಾಣಿಕೆ ಹಾಕಿದ್ರೆ ಕಟ್ಟು ಮುರಿಯುತ್ತೆ ಅಂತ ಕರ್ತರು ತೋರಿಸ್ತಿದ್ದಾರೆ" ಅಂದರು. ಚಿಕ್ಕಮ್ಮ ಮಡಿಲಲ್ಲಿದ್ದ ಸತ್ಯವೇದ ತೆರೆದು, "ಯಾವ ಪುಸ್ತಕದಲ್ಲಿದೆ ಬ್ರದರ್, ಹೇಳಿ, ಓದ್ತೀನಿ" ಅಂದರು. ಬೋಧಕರು ಉತ್ತರ ಕೊಡಲಿಲ್ಲ. ಚಿಕ್ಕಪ್ಪನ ಕಡೆ ತಿರುಗಿ, "ಮನೆಗೆ ಶಿರಸ್ಸು ನೀವು. ಹವ್ವಳ ಆತ್ಮಕ್ಕೆ ಬಾಯಿ ಕೊಡಬೇಡಿ" ಅಂದರು. ಚಿಕ್ಕಪ್ಪ ಮಾತು ಕಡಿಮೆ. ಆವತ್ತು ಮಾತ್ರ, "ಅವಳು ಕೇಳಿದ್ದು ಸರಿಯಾಗೇ ಇದೆ. ಅದನ್ನ ಹೇಳಿ" ಅಂದುಬಿಟ್ಟರು. ಬಳೆ ಕೈಯಲ್ಲೇ ಉಳಿಯಿತು. ಬೋಧಕರು ಕಾಫಿ ಕೂಡ ಮುಟ್ಟದೆ ಎದ್ದು ಹೋದರು.

ಗಂಡ ಶಿರಸ್ಸು ಅನ್ನುವ ಮಾತನ್ನು ನಾನು ಅಳಿಸಿಹಾಕುವವಳಲ್ಲ. ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಅದಿದೆ. ಅದಕ್ಕೂ ಮುಂಚೆ 21ನೇ ವಚನ ಒಬ್ಬರಿಗೊಬ್ಬರು ವಿನಯದಿಂದ ನಡೆಯಿರಿ ಅನ್ನುತ್ತೆ. 25ನೇ ವಚನ ಗಂಡನಿಗೆ ಕೊಡುವ ಅಳತೆ ಕ್ರಿಸ್ತನದು, ಸಭೆಗಾಗಿ ಪ್ರಾಣ ಕೊಟ್ಟವನದು. ಅಂಥ ಶಿರಸ್ಸಾಗಿ ಚಿಕ್ಕಪ್ಪ ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೆಂಡತಿಯ ಪ್ರಶ್ನೆಗೆ ಅವರು ಬೆನ್ನಾಗಿ ನಿಂತರು. ಅಧೀನತೆ ಅನ್ನುವ ಮಾತು ಹೆಂಗಸಿನ ವಿವೇಚನೆಯನ್ನು ಕಿತ್ತುಕೊಳ್ಳಲು ಬಳಕೆಯಾದರೆ, ಅಲ್ಲಿ ತೋಳ ಆಗಲೇ ಹಟ್ಟಿಯ ಒಳಗಿದೆ ಅಂತಲೇ ನನ್ನ ಲೆಕ್ಕ.

ಹೆಂಗಸರು ಸಭೆ ನಡೆಸಬಹುದೋ ಬಾರದೋ ಅನ್ನುವುದರಲ್ಲಿ ಸಭೆಗಳಿಗೆ ಒಮ್ಮತ ಇಲ್ಲ. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ 2013ರಲ್ಲಿ ಪುಷ್ಪಲಲಿತ ಅವರನ್ನು ನಂದ್ಯಾಲಕ್ಕೆ ಬಿಷಪ್ ಮಾಡಿತು; ಕಥೋಲಿಕರಲ್ಲಿ ಹೆಂಗಸರಿಗೆ ಗುರುದೀಕ್ಷೆ (ಪಾದ್ರಿಯಾಗುವ ದೀಕ್ಷೆ) ಇಲ್ಲ. ಆ ಚರ್ಚೆ ನಡೆಯಲಿ. ಆದರೆ "ಎಲ್ಲಾ ಆತ್ಮಗಳನ್ನು ನಂಬಬೇಡಿ, ಪರೀಕ್ಷಿಸಿರಿ" ಅಂತ ಅಪೊಸ್ತಲ ಯೋಹಾನ ಬರೆದದ್ದು ಇಡೀ ಸಭೆಗೆ. ಪೌಲನ ಮಾತನ್ನೇ ದಿನಾ ಶಾಸ್ತ್ರ ತೆಗೆದು ತಾಳೆ ನೋಡಿದ ಬೆರೋಯ ಪಟ್ಟಣದಲ್ಲಿ ನಂಬಿದವರೊಳಗೆ ಹೆಂಗಸರೂ ಇದ್ದರು.

ನಮ್ಮ ಸಂಘದಲ್ಲಿ ಈಗ ಯಾರಾದರೂ ಪ್ರವಾದನೆ ಅಂದರೆ ಮೊದಲು ವಚನ ಕೇಳುತ್ತೇವೆ, ಅದರ ಹಿಂದಿನದು ಮುಂದಿನದು ಜೋರಾಗಿ ಓದಿಸುತ್ತೇವೆ. ದುಡ್ಡು, ಒಡವೆಯ ಮಾತು ಬಂದರೆ ಸಭಾಪಾಲಕರಿಗೆ ಅಲ್ಲೇ ಫೋನು ಹೋಗುತ್ತೆ. ಮುಂದಿನ ಕೂಟದಿಂದ ತಿಮೊಥೆಯನ ಎರಡೂ ಪತ್ರ ಓದಲಿದ್ದೇವೆ. ಗಂಡಸರೂ ಬನ್ನಿ, ನಿಮ್ಮ ಸತ್ಯವೇದ ತನ್ನಿ.